ಗೋಡೆಗೆ ಬಂದ ಎರಡನೇ ಗರಗಸ

"ಏಣಿ ಮ್ಯಾಲಿಂದ ಇಳಿ ಬೇಟಿ. ನಿನಗೇನಾರ ಆದ್ರ ಆ ಕೇಸೂ ನನ್ನ ಮಗನ ಮ್ಯಾಲ ಹಾಕ್ತಾರ," ಎಂದರು ಕೆಳಗೆ ನಿಂತಿದ್ದ ಇಮಾಂಬೀ.

ಅವರೇನೂ ತಮಾಷೆ ಮಾಡುತ್ತಿರಲಿಲ್ಲ. ಅವರ ಮಗ ಖಾಜಾ ಬಳ್ಳಾರಿ ಜೈಲಿನಲ್ಲಿದ್ದ. ಹುಲುಗಪ್ಪ ಬಡಿಗ ಒಂದು ಮಧ್ಯಾಹ್ನ ತನ್ನ ಮನೆಯ ಮುಂದಿನ ಈ ಶೆಡ್ಡಿನಲ್ಲಿ ಕಿವಿಯ ಹಿಂದೆ ಉದ್ದ ಗಾಯವಾಗಿ ಸತ್ತು ಬಿದ್ದಿದ್ದ. ಅದನ್ನು ಮೊದಲು ಕಂಡು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡವನು ಖಾಜಾ. ಅವನು ಹುಲುಗಪ್ಪನ ಹತ್ತಿರ ಪಾಲಿಶ್ ಕೆಲಸಕ್ಕಿದ್ದ. ಕೂಗಿದವನನ್ನೇ ಪೊಲೀಸರು ಹಿಡಿದರು. ಅವನ ಉಳಿಯನ್ನೂ ಹಿಡಿದರು. ಉಳಿಯ ಮೇಲೆ ರಕ್ತ ಇರಲಿಲ್ಲ, ತೊಳೆದಿದ್ದಾನೆ ಎಂದು ಬರೆದುಕೊಂಡರು. ಇಷ್ಟು ಸಲೀಸಾದ ತನಿಖೆ ನನ್ನ ಜನ್ಮದಲ್ಲಿ ನೋಡಿಲ್ಲ.

ಸೋಮವಾರ ಜಾಮೀನು ಅರ್ಜಿ ಬರಲಿತ್ತು. ಬೇರೆ ಯಾರದೋ ಕೈ ಇದೆ ಎಂದು ತೋರಿಸಲು ಏನಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ಈ ಮುದುಕಿ ಬಾಕಿ ಆಯುಷ್ಯವನ್ನೆಲ್ಲ ಜೈಲಿನ ಗೇಟಿನ ಮುಂದೆ ಕಳೆಯಬೇಕು. ಆ 'ಏನಾದರೂ' ಹುಡುಕಲು ಲಾಯರ್ ಫರ್ಹತ್ ನನ್ನನ್ನು ಅಟ್ಟಿದ್ದಳು. ನಾನು ನಂದಿನಿ. ಮೊದಲು ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಡುತ್ತಿದ್ದೆ, ಈಗ ಫರ್ಹತ್‌ಗೆ ಸುಳ್ಳು ಕೇಸು ಹಿಡಿದುಕೊಡುತ್ತೇನೆ. ಸುಳ್ಳಿನ ಜೊತೆ ನನ್ನ ಸಂಸಾರ ತಪ್ಪಿದ್ದಿಲ್ಲ.

ಶೆಡ್ಡನ್ನೆಲ್ಲ ಜಾಲಾಡಿ ಮುಗಿದಿತ್ತು. ಉಳಿದದ್ದು ಗೋಡೆಯ ಮೇಲಿನ ಗಡಿಯಾರ ಒಂದೇ. ಪೊಲೀಸರು ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಸರಿಯಾದ ಟೈಮು ತೋರಿಸುವ ಗಡಿಯಾರದ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಅಂಥ ಗಡಿಯಾರ ನಾನೂ ಎಲ್ಲೂ ಕಂಡಿರಲಿಲ್ಲ. ಊಟದ ತಾಟಿಗಿಂತ ಅಗಲವಾದ, ಮಷಿನ್ನಿಗೆ ಹಾಕುವ ದುಂಡು ಗರಗಸ. ಗಾಜಿಲ್ಲ, ಅಂಕಿಗಳಿಲ್ಲ. ಸುತ್ತಲಿನ ಹಲ್ಲುಗಳನ್ನೇ ಗೆರೆ ಎಂದುಕೊಳ್ಳಬೇಕು. ಹನ್ನೆರಡರ ಜಾಗದಲ್ಲಿ ಒಂದು ಹಲ್ಲು ಇಲ್ಲ. ನಡುವಿನ ತೂತಿಗೆ ತೇಗದ ಬಿಲ್ಲೆ, ಅದರ ಮೇಲೆ ಬಿಳಿ ಬಣ್ಣ ಹಚ್ಚಿದ ತೇಗದ ಮುಳ್ಳುಗಳು.

"ಅಂಗಡಿ ಗಡಿಯಾರ ಒಂದೂ ಇಲ್ಲಿ ಬಾಳಲಿಲ್ಲ ನೋಡು," ಎಂದರು ಇಮಾಂಬೀ. "ಸಿಮೆಂಟಿನೋರು ಕೊಟ್ಟಿದ್ದು ಮರದ ಹೊಟ್ಟು ತುಂಬಿ ನಿಂತು ಹೋತು. ಗಾಜಿಂದು ಮಷಿನ್ನಿನ ನಡುಕಕ್ಕ ಬಿದ್ದು ಒಡೀತು. ದೇವರ ಫೋಟೋ ಇರೋದು ತಂದ, ದೇವರ ಮಾರಿನ ಕಾಣದಂಗ ಧೂಳು. ಕಡೀಕ, ಈ ಶೆಡ್ಡಿಗೆ ಶೆಡ್ಡಿಂದ ಗಡಿಯಾರ ಆಗಬೇಕು ಚಾಚಿ ಅಂದು ಅವರಪ್ಪನ ಗರಗಸ ತಗೊಂಡು ಕುಂತ."

"ಅಪ್ಪಂದಾ?"

"ಹೂಂ. ಸಿರುಗುಪ್ಪದಾಗ ಅವರಪ್ಪ ಕಟ್ಟಿದ ಸಾ ಮಿಲ್ ಐತಲ್ಲ, ಅಲ್ಲೀದು. ಮೊಳಿ ಇದ್ದ ಹಳೇ ತೊಲಿ ಕೊಯ್ಯೂ ಮುಂದ ಹಲ್ಲು ಮುರುದು ಮುದುಕನ ಬೆರಳು ಹೋಗಿದ್ದುವಂತ. ಆ ಮುರುದ ಹಲ್ಲನ್ನ ಹನ್ನೆರಡಕ್ಕ ಬರೋವಂಗ ತೂಗುಹಾಕಿದ. ಹನ್ನೆರಡಕ್ಕ ಹಲ್ಲಿಲ್ಲ, ಊಟಕ್ಕ ಏಳ್ರಿ ಅಂತಿದ್ದ."

ನಾನು ಫೋನಿನ ಟಾರ್ಚು ಹಾಕಿ ಆ ಹಲ್ಲಿಲ್ಲದ ಜಾಗವನ್ನು ನೋಡಿದೆ. ನೋಡಿ, ಮತ್ತೊಮ್ಮೆ ನೋಡಿದೆ.

ಮೊಳೆಗೆ ತಾಗಿ ಮುರಿದ ಉಕ್ಕು ಒರಟಾಗಿ ಮುರಿಯುತ್ತದೆ. ಅಷ್ಟು ವರ್ಷ ಕಳೆದರೆ ಕಪ್ಪಗೂ ಆಗುತ್ತದೆ. ಇದು ಹಾಗಿರಲಿಲ್ಲ. ಗ್ರೈಂಡರಿನಲ್ಲಿ ನೆಟ್ಟಗೆ ಕೊಯ್ದಿದ್ದರು. ಕೊಯ್ದ ಅಂಚು ಇನ್ನೂ ಹೊಳೆಯುತ್ತಿತ್ತು, ಪಕ್ಕದಲ್ಲಿ ಬಿಸಿಗೆ ನೀಲಿ ತಿರುಗಿದ ಕಲೆ. ಮತ್ತು ಆ ಹೊಸ ಅಂಚಿನ ಮೇಲೆಯೇ, ಬೆರಳ ತುದಿಯಲ್ಲಿ ಒತ್ತಿದ ಒಂದು ಬೊಟ್ಟು ಕುಂಕುಮ.

"ಚಾಚಿ, ಹುಲುಗಪ್ಪ ಇದಕ್ಕ ಕುಂಕುಮ ಹಚ್ಚತಿದ್ನೇನ್ರಿ?"

"ತೋಬಾ! ಆಯುಧ ಪೂಜಿ ದಿನಾನೂ ಉಕ್ಕಿಗೆ ಕುಂಕುಮ ಮುಟ್ಟಸ್ತಿದ್ದಿಲ್ಲ ಅಂವ. ಕಲಿಸಿದ ಕುಂಕುಮ ತುಕ್ಕು ತರತೈತಿ ಅಂತಿದ್ದ. ಬರೀ ಇಬತ್ತಿ. ನಮ್ಮ ಖಾಜಾ ಒಮ್ಮೆ ಉಳಿಗೆ ಹಚ್ಚಿ ಬಾಯಿ ತುಂಬ ಬೈಸಿಕೊಂಡಿದ್ದ."

"ಮತ್ತ ಯಾರು ಹಚ್ಚತಾರ?"

ಇಮಾಂಬೀ ಕೂಡ ಕತ್ತೆತ್ತಿ ಗಡಿಯಾರ ನೋಡಿದರು.

"ಅವರಪ್ಪ ಹಚ್ಚತಿದ್ದ. ಹತಾರ ಮುರುದ್ರ ಮುರುದ ಜಾಗಕ್ಕ ಕುಂಕುಮ ಇಟ್ಟು, ತಪ್ಪಾತು ಅಂತ ಕೈ ಮುಗೀತಿದ್ನಂತ. ಹುಲುಗಪ್ಪನ ಅವ್ವ ಹಂಪಮ್ಮ ಹೇಳ್ತಿದ್ಲು. ದೊಡ್ಡ ಮಗ ಅದನ್ನ ಬಿಟ್ಟ, ಸಣ್ಣಾಂವ ಬಿಡಲಿಲ್ಲ ಅಂತ."

ಸಣ್ಣವನು ಎಂದರೆ ಹುಲುಗಪ್ಪನ ತಮ್ಮ ಕೆಂಚಣ್ಣ. ಈಗ ಸಿರುಗುಪ್ಪದ ಮಿಲ್ಲು ನಡೆಸುವವನು ಅವನೇ. ಅಣ್ಣನ ಹೆಣಕ್ಕೆ ಹೆಗಲು ಕೊಟ್ಟು, ಖಾಜಾನಿಗೆ ಗಲ್ಲಾಗಬೇಕೆಂದು ಟೀವಿಯವರ ಮುಂದೆ ಅತ್ತವನು.

ನಾನು ಏಣಿಯ ಮೇಲೆಯೇ ಕುಳಿತು ಯೋಚಿಸಿದೆ. ಇದು ಅಪ್ಪನ ಗರಗಸ ಅಲ್ಲ. ಯಾರೋ ಬೇರೊಂದು ಗರಗಸ ತಂದು, ಅಪ್ಪನದರಂತೆ ಕಾಣಲಿ ಎಂದು ಒಂದು ಹಲ್ಲು ಕೊಯ್ದು, ಹಳೆಯದರ ಬಿಲ್ಲೆ, ಮುಳ್ಳುಗಳನ್ನೇ ಕೂರಿಸಿ ತೂಗುಹಾಕಿದ್ದಾರೆ. ಖಾಲಿ ಮೊಳೆ ಕಂಡಿದ್ದರೆ, ಇಲ್ಲಿದ್ದ ಗಡಿಯಾರ ಎಲ್ಲಿ ಎಂದು ಯಾವ ದಡ್ಡ ಪೇದೆಯಾದರೂ ಕೇಳುತ್ತಿದ್ದ. ಹಾಗಾದರೆ ಹುಲುಗಪ್ಪನ ಕಿವಿಯ ಹಿಂದಿನ ಉದ್ದ ಗಾಯ ಉಳಿಯದಲ್ಲ. ಮೊದಲಿನ ಗರಗಸದ್ದು.

ಇಲ್ಲಿಯವರೆಗೆ ಎಲ್ಲ ಜಾಣತನದ ಕೆಲಸ. ಆದರೆ ಒಳ್ಳೆಯ ಹತಾರದ ಹಲ್ಲನ್ನು ಬೇಕೆಂದೇ ಕೊಯ್ದದ್ದು ಕೆಂಚಣ್ಣನ ಮನಸ್ಸಿಗೆ ಚುಚ್ಚಿದೆ. ಕೆಳಗೆ ಅಣ್ಣನ ಹೆಣ ಬಿದ್ದಿರುವಾಗ ಮೇಲೆ ನಿಂತು ಕಬ್ಬಿಣಕ್ಕೆ ತಪ್ಪಾಯಿತು ಎಂದಿದ್ದಾನೆ. ನಾನು ಏಣಿ ಇಳಿದೆ.

ಫರ್ಹತ್‌ಗೆ ಫೋನು ಮಾಡಿದೆ. ಅವಳು ಮೆಚ್ಚಿಕೊಳ್ಳುವ ಪೈಕಿ ಅಲ್ಲ.

"ಅದನ್ನ ಮುಟ್ಟಬ್ಯಾಡ. ಫೋಟೋ ತಗೊಂಡು ಬೀಗ ಹಾಕಸು. ಕುಂಕುಮ ಯಾರ ಮನ್ಯಾಗಿಲ್ಲ ಅಂತ ಸರ್ಕಾರಿ ವಕೀಲರು ನಗತಾರ. ನನಗ ಮೊದಲಿನ ಗರಗಸ ಬೇಕು, ನಂದಿನಿ. ಅದಿಲ್ಲದ ಇದು ಬರೀ ಕತಿ."

ಬೀಗ ಹಾಕಿ ಕೀಲಿಯನ್ನು ಇಮಾಂಬೀ ಕೈಗೆ ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಮಗ ಬರ್ತಾನಲ್ಲ?" ಎಂದು ಕೇಳಿದರು. ಬರುತ್ತಾನೆ ಎಂದೆ. ಹಾಗೆ ಹೇಳಬಾರದಿತ್ತು, ಆದರೆ ಆ ಮುಖ ನೋಡಿ ಬೇರೇನು ಹೇಳಲಿ?

ಸಿರುಗುಪ್ಪದ ದಾರಿಯುದ್ದಕ್ಕೂ ಭತ್ತದ ಲಾರಿಗಳು. ನನ್ನ ಸ್ಕೂಟಿ ಅವುಗಳ ಹೊಗೆ ಕುಡಿಯುತ್ತಾ ಹೋಯಿತು. ರೈಸ್ ಮಿಲ್ಲುಗಳ ಸಾಲು ದಾಟಿ ಒಳಗೆ ತಿರುಗಿದರೆ ಕೆಂಚಣ್ಣನ ಸಾ ಮಿಲ್. ಮಷಿನ್ನು ನಿಂತಿತ್ತು. ಪರಶು ಎಂಬ ಕೆಲಸದವನೊಬ್ಬ ಬೇವಿನ ದಿಮ್ಮಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ನನ್ನನ್ನು ಬಾಗಿಲು ಮಾಡಿಸಲು ಬಂದವಳು ಎಂದುಕೊಂಡ. ನಾನೂ ತಿದ್ದಲಿಲ್ಲ.

ಹಿಂದಿನ ಗೋಡೆಗೆ ಹಳೇ ಗರಗಸಗಳನ್ನು ತೂಗುಹಾಕಿದ್ದರು. ಒಂದೊಂದರಲ್ಲೂ ಒಂದೋ ಎರಡೋ ಹಲ್ಲು ಮುರಿದಿತ್ತು. ಮುರಿದ ಪ್ರತಿ ಜಾಗದಲ್ಲೂ ಕುಂಕುಮದ ಬೊಟ್ಟು. ಹಳೆಯವು ಕರಿಕಟ್ಟಿದ್ದವು.

"ಇದೇನಪ್ಪಾ, ಗರಗಸಕ್ಕೆಲ್ಲ ಬೊಟ್ಟು?"

"ನಮ್ಮ ಸಾವ್ಕಾರ್ರದು ಹಂಗರಿ. ಮನಷ್ಯಾಗ ಪೆಟ್ಟಾದ್ರ ಕೇಳಂಗಿಲ್ಲ, ಹತಾರಕ್ಕ ಪೆಟ್ಟಾದ್ರ ಊಟ ಬಿಡ್ತಾರ." ಪರಶು ನಕ್ಕು ಬೀಡಿ ಆರಿಸಿದ. ಅವನ ಎಡಗೆನ್ನೆ ಸ್ವಲ್ಪ ಊದಿತ್ತು.

"ಕೆನ್ನಿಗೇನಾತು?"

"ಸಾವ್ಕಾರ್ರು ಸಾಣಿ ಹಿಡಸಾಕ ಅಂತ ಬಳ್ಳಾರಿಗೆ ಗರಗಸ ಒಯ್ದಿದ್ರರಿ, ಅವರಣ್ಣ ಸತ್ತ ದಿನ. ವಾಪಸ್ ಬಂದ ಮ್ಯಾಲ ಗಾಡ್ಯಾಗ ಒಂದು ಕಡಿಮಿ ಇತ್ತು. ಎಲ್ಲಿ ಹೋತ್ರಿ ಅಂತ ಕೇಳಿದೆ. ಅಷ್ಟಕ್ಕ ಹೊಡದ್ರು. ಅಣ್ಣ ಹೋದ ದುಃಖ ಇರಬಕು ಅಂತ ಸುಮ್ಮನಾದೆ. ಈಗೂ ನೋವೈತ್ರಿ."

ಎಂಥ ಒಳ್ಳೆಯ ಮನಸ್ಸು! ಹೊಡೆಸಿಕೊಂಡವನೇ ಹೊಡೆದವನಿಗೆ ಕಾರಣ ಹುಡುಕಿಕೊಟ್ಟಿದ್ದ.

"ಸಾವ್ಕಾರ್ರು ಎಲ್ಲಿ?"

"ಕುರುಗೋಡಿಗೆ ಹೋಗ್ಯಾರ್ರಿ, ಅವ್ವನ ಕಡೆ. ಹಂಪಮ್ಮವ್ವ ಮಗನ ದಿನಕರ್ಮ ಆದಮ್ಯಾಲ ತವರ ಮನ್ಯಾಗ ಅದಾಳ."

ಕುರುಗೋಡು ಮುಟ್ಟುವಾಗ ಬಿಸಿಲು ಗುಡ್ಡದ ಬಂಡೆಗಳ ಮೇಲೆ ಇನ್ನೂ ಇತ್ತು. ಹಂಪಮ್ಮನ ತವರಿನದು ಕಲ್ಲಿನ ಸಣ್ಣ ಮನೆ. ಹೊಸ್ತಿಲ ಒಳಗೆ ಮುದುಕಿ ಒಬ್ಬಳೇ ಕೂತಿದ್ದಳು. ಮುಂದೆ ಎರಡು ಊಟದ ತಾಟು. ಒಂದರಲ್ಲಿ ರೊಟ್ಟಿ ಅರ್ಧ ಉಳಿದಿತ್ತು. ಹಿತ್ತಲ ಬಾಗಿಲು ತೆರೆದು ಹಾಗೇ ಬಿಟ್ಟಿತ್ತು.

"ಕೆಂಚಣ್ಣ ಊಟ ಬಿಟ್ಟು ಓಡಿದ್ನೇನ್ರಿ ಅಮ್ಮಾ?" ಎಂದೆ.

"ನೀನು ಯಾರವ್ವ?"

"ಖಾಜಾನ ವಕೀಲರ ಕಡೆಯಾಕಿ."

ಅವಳು ಆ ತಾಟನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. "ಕುಂಡ್ರು. ನೀರು ಕುಡಿ," ಎಂದಳು.

ನಾನು ನೀರು ಕುಡಿಯಲಿಲ್ಲ. ಫೋನು ತೆಗೆದು, ಕೊಯ್ದ ಹಲ್ಲಿನ ಫೋಟೋ ದೊಡ್ಡದು ಮಾಡಿ ಅವಳ ಕಣ್ಣಿನ ಮುಂದೆ ಹಿಡಿದೆ.

"ಇದು ನಿಮ್ಮ ಯಜಮಾನರ ಗರಗಸ ಅಲ್ಲ. ಹಲ್ಲು ಹೊಸದಾಗಿ ಕೊಯ್ದದ್ದು. ಕುಂಕುಮ ಇಟ್ಟಾಂವ ಹುಲುಗಪ್ಪ ಅಲ್ಲ. ಇಂಥ ಬೊಟ್ಟು ಸಿರುಗುಪ್ಪದಾಗ ಗೋಡಿ ತುಂಬ ನೋಡಿ ಬಂದೆ."

ಹಂಪಮ್ಮ ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಅವಳಿಗೆ ಸಿಟ್ಟು ಬಂತು.

"ಮೂರ್ಖ. ಒರೆಸು ಅಂದಿದ್ದೆ. ಕುಂಕುಮ ಹೆಂಗ ಒರೆಸ್ಲೆವ್ವಾ ಅಂದ."

ಆ ಒಂದು ಮಾತಿಗೆ ನನ್ನ ಕೆಲಸ ಮುಗಿದಂತೆಯೇ. ಆದರೆ ಸಂತೋಷ ಆಗಲಿಲ್ಲ.

"ಯಾಕ ಹೊಡದ ಅಮ್ಮಾ?"

"ಹೊಡದಿಲ್ಲ, ಎಳದಾಡ್ಯಾರ. ಅಪ್ಪ ಪೂಜಿ ಮಾಡಿದ ಗರಗಸಕ್ಕ ಮುಳ್ಳು ಹಚ್ಚಿ ಆಟದ ಸಾಮಾನು ಮಾಡಿದಿ ಅಂತ ಕೆಂಚ. ಮೂಲ್ಯಾಗ ತುಕ್ಕು ತಿನ್ನೂದಕಿಂತ ದಿನಾ ಕಣ್ಣ ಮುಂದ ಇರಲಿ ಅಂತ ಮಾಡೀನಿ ಅಂತ ಹುಲುಗ. ಇಂವ ಏಣಿ ಹತ್ತಿ ಕಿತ್ತ, ಅಂವ ಕೆಳಗಿಂದ ಹಿಡದ. ಇಬ್ಬರಿಗೂ ಅಪ್ಪನ ಮ್ಯಾಲ ಪ್ರೀತಿ ಹೆಚ್ಚಾಗಿತ್ತವ್ವ. ನಾನು ಮನಿಗೆ ಬರೋದ್ರಾಗ ಒಬ್ಬ ಬಿದ್ದಿದ್ದ, ಇನ್ನೊಬ್ಬ ಅವನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ."

"ಅವಾಗ ಜೀವ ಇತ್ತಾ?"

ಅವಳು ತಾಟಿನಲ್ಲಿ ಬಿದ್ದ ರೊಟ್ಟಿಯ ಚೂರುಗಳನ್ನು ಆರಿಸತೊಡಗಿದಳು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು, ಬಾಯಿ ಬರಲಿಲ್ಲ.

"ಗಡಿಯಾರ ಬದಲಿ ಮಾಡಸಿದ್ದು ನೀವಾ?"

"ನಾನ. ಕಳ್ಳರು ಬಂದಿದ್ರು ಅಂತಾರ, ನಾಕು ದಿನ ಹುಡುಕಿ ಬಿಡ್ತಾರ ಅಂದ್ಕೊಂಡೆ. ಖಾಜಾ ಬರ್ತಾನ ಅಂತ ಗೊತ್ತಿದ್ದಿಲ್ಲ."

"ಬಂದ. ಹಿಡಕೊಂಡು ಹೋದ್ರು. ಆಮ್ಯಾಲೂ ನೀವು ಬಾಯಿ ಬಿಡಲಿಲ್ಲ." ನನ್ನ ದನಿ ಏರಿತು. ಹಿಡಿತ ತಪ್ಪಿತೆಂದು ಗೊತ್ತಾದರೂ ತಡೆಯಲಿಲ್ಲ. "ನಿಮ್ಮ ಕೈಯಾಗ ಉಂಡು ಬೆಳದ ಹುಡುಗ ಅಂವ. ಇಮಾಂಬೀ ನಿಮ್ಮ ಗೋಡಿ ಆಚೇಕ ಅದಾಳ. ಅಕಿ ಅಳೂದು ದಿನಾ ಕೇಳಸ್ತಿತ್ತಲ್ಲ ನಿಮಗ?"

"ಕೇಳಸ್ತಿತ್ತು. ಅದಕ್ಕ ಇಲ್ಲಿಗೆ ಬಂದೆ."

ಇಷ್ಟು ಸೀದಾ ಹೇಳಿಬಿಟ್ಟರೆ ಬೈಯಲೂ ಆಗುವುದಿಲ್ಲ. ಅವಳು ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು, ಮಗ ಬಂದರೆ ಇರಲಿ ಎಂದು.

"ಮೊದಲಿನ ಗರಗಸ ಎಲ್ಲಿ?" ಎಂದೆ.

"ಐತಿ. ತೊಳದಿಲ್ಲ. ನನ್ನ ಮಗನ ರಕ್ತ ಹೆಂಗ ತೊಳೀಲಿ?"

"ಕೊಡ್ರಿ. ಸೋಮವಾರ ಖಾಜಾ ಹೊರಗ ಬರ್ತಾನ."

"ಕೊಡ್ತೀನಿ. ಆದ್ರ ಒಂದು ಮಾತು. ಹೊಡದಾಕಿ ನಾನು ಅಂತ ಬರಕೋ. ಸಿಟ್ಟಿನ ಕೈಯಾಗ ಹೊಡದೆ, ಅಂಜಿ ಮುಚ್ಚಿಟ್ಟೆ. ಕೋರ್ಟಿನಾಗ ನಿಂತು ಹೇಳ್ತೀನಿ. ಕೆಂಚನ ಹೆಸರು ಬರಬಾರದು."

"ಯಾರು ನಂಬತಾರ್ರಿ? ಏಣಿ ಹತ್ತಿದ್ರೇನು ನೀವು? ನಿಮ್ಮ ಬಲಗೈ ತಾಟು ಸೈತ ಎತ್ತಂಗಿಲ್ಲ."

"ಎತ್ತತೈತಿ," ಎಂದಳು. ಎತ್ತಲು ನೋಡಿದಳು. ಕೈ ತೊಡೆಯಿಂದ ಒಂದು ಗೇಣು ಎದ್ದು ಅಲ್ಲೇ ನಿಂತಿತು. ಕೈ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದಳು. "ಪೊಲೀಸರು ರಕ್ತ ಇಲ್ಲದ ಉಳಿ ನಂಬ್ಯಾರ. ನನ್ನ ನಂಬಂಗಿಲ್ಲೇನು?"

ನಾನು ಫೋನಿನ ಪರದೆ ಆರಿಸಿದೆ.

"ಇಬ್ಬರು ಮಕ್ಕಳು ಹೆತ್ತೆ. ಒಬ್ಬನ್ನ ಮಣ್ಣಿಗೆ ಕೊಟ್ಟೆ. ಇನ್ನೊಬ್ಬನ್ನ ನಾನ ಕೈಯಾರೆ ಕೊಡಲ್ಲ. ಕೆಂಚನ ಹೆಸರು ಹೇಳಿದಿ ಅಂದ್ರ ಆ ಗರಗಸ ಯಾರಿಗೂ ಸಿಗಂಗಿಲ್ಲ. ನಿನ್ನ ಫೋಟೋ ಇಟ್ಕೊಂಡು ಕುಂಡ್ರು, ಖಾಜಾ ಒಳಗ ಕುಂಡ್ರಲಿ."

ಮೂಲೆಯಲ್ಲಿ ಮುದುಡಿ ಕೂತ ಈ ಹೆಂಗಸು ನನ್ನ ಕತ್ತು ಹಿಡಿದಿದ್ದಳು. ನಿಜ ಹೇಳಿದರೆ ಖಾಜಾ ಒಳಗೆ. ಸುಳ್ಳು ಬರೆದುಕೊಂಡರೆ ಖಾಜಾ ಮನೆಗೆ, ಕೊಂದವನು ತನ್ನ ಮಿಲ್ಲಿಗೆ, ಈ ಮುದುಕಿ ಜೈಲಿಗೆ. ಸುಳ್ಳು ಹಿಡಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಒಳ್ಳೆಯ ಬಹುಮಾನ ಸಿಕ್ಕಿತ್ತು. ನನಗೆ ಅವಳ ಮೇಲೆ ಎಷ್ಟು ಅಸಹ್ಯವಾಯಿತೋ ಅಷ್ಟೇ ಸಂಕಟವೂ ಆಯಿತು.

"ನಾನು ಫರ್ಹತ್ ಮೇಡಂನ ಕೇಳಬೇಕು," ಎಂದು ಎದ್ದೆ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ಬಡಿದುಕೊಂಡಿತು. ಇಮಾಂಬೀ. ಸುದ್ದಿ ಬರುವವರೆಗೆ ತಡೆಯಲು ಅವರಿಂದ ಆಗಿರಲಿಲ್ಲ.

"ಯಾರು?" ಎಂದಳು ಹಂಪಮ್ಮ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ಇಮಾಂಬೀ ಏನು? ಕೊಡು. ಅಕಿ ಸಂಗಾಟ ಮಾತಾಡಿ ಬಾಳ ದಿನ ಆತು."

ಕೊಡಬಾರದಿತ್ತು. ಅವಳ ಎಡಗೈ ಆಗಲೇ ಫೋನಿನ ಮೇಲಿತ್ತು. ಫೋನು ಬಿಡುವ ಮೊದಲು ನಾನೇ ಸ್ಪೀಕರ್ ಒತ್ತಿದೆ. ಯಾಕೆ ಒತ್ತಿದೆನೋ, ಒತ್ತಿದೆ.

"ಬೇಟಿ, ಏನಾರ ಸಿಕ್ತಾ?" ಇಮಾಂಬೀ ದನಿ ಕಲ್ಲಿನ ಮನೆಯಲ್ಲಿ ದೊಡ್ಡದಾಗಿ ಕೇಳಿತು.

"ಇಮಾಂಬೀ, ನಾನು ಹಂಪಮ್ಮ."

ಹಂಪಮ್ಮ ಫೋನನ್ನು ಬಾಯಿಯ ಹತ್ತಿರ ತಂದಳು.

"ನಿನ್ನ ಮಗ ಸೋಮವಾರ ಮನಿಗೆ ಬರ್ತಾನ. ಹುಲುಗನ್ನ ಹೊಡದಾಕಿ ನಾನು. ಕೋರ್ಟಿನಾಗ ಹೇಳ್ತೀನಿ. ನಿನ್ನ ಕಾಲು ಹಿಡಕೊಂತೀನಿ, ಇಷ್ಟು ದಿನ ಸುಮ್ಮನಿದ್ದುದಕ್ಕ."

ಈಗ ಅದನ್ನು ಹಿಂದಕ್ಕೆ ತಗೊಳ್ಳುವುದು ನನ್ನ ಕೈಯಲ್ಲಿ ಇರಲಿಲ್ಲ. ಆ ತಾಯಿಗೆ ಮಗನನ್ನು ಕೊಟ್ಟಾಗಿತ್ತು. ಕಸಿದುಕೊಳ್ಳಬೇಕೆಂದರೆ ನಾನೇ ಕಸಿದುಕೊಳ್ಳಬೇಕಿತ್ತು.

"ಏನಂತೀಯೇ ಹಂಪಿ?" ಇಮಾಂಬೀ ದನಿ ಸಣ್ಣದಾಯಿತು. "ಅವತ್ತು ಮಧ್ಯಾಹ್ನ ನೀನು ನನ್ನ ಸಂಗಾಟ ದವಾಖಾನ್ಯಾಗ ಇದ್ದೆಲ್ಲ? ನನ್ನ ಕಣ್ಣಿಗೆ ಔಷಧ ಹಾಕಿದ್ರು, ಏನೂ ಕಾಣ್ತಿದ್ದಿಲ್ಲ. ಕೈ ಹಿಡದು ಮನಿ ಬಾಗಲಾಗ ಬಿಟ್ಟಾಕಿ ನೀನ. ಮತ್ತ ನೀನು ಹೆಂಗ..."

ಹಂಪಮ್ಮ ಕಣ್ಣು ಮುಚ್ಚಿದಳು.

ನಾನು ಬಗ್ಗಿ ಫೋನಿನ ಹತ್ತಿರ ಬಾಯಿ ತಂದೆ. "ಚಾಚಿ, ಈ ಮಾತನ್ನ ಜಡ್ಜ್ ಮುಂದ ಹೇಳ್ತೀರೇನ್ರಿ?"

ಆ ಕಡೆ ಅವರು ಕುರ್ಚಿ ಎಳೆದ ಸದ್ದು, ಕೂತ ಸದ್ದು.

"ನಂದಿನಿ, ನಾನಂದಿದ್ದು ನೀನೂ ಕೇಳಿದೇನು?"

"ಕೇಳಿದೆ."

"ಹಂಗಾದ್ರ ನಾನು ಈಗ ಏನೂ ಅನ್ನಲಿಲ್ಲ ಬೇಟಿ, ನನಗ ನನ್ನ ಮಗ ಬೇಕು," ಎಂದರು ಇಮಾಂಬೀ, ಮತ್ತು ಫೋನು ಇಟ್ಟರು.